ಗಾಳಿ ಮೀಟರ್ ಹಸಿರು ತೋರಿಸುತ್ತದೆ, ಆದರೂ ಮಗಳ ನೆಗಡಿ ಪ್ರತಿ ಮಳೆಗಾಲ ಎದೆಗೇ ಯಾಕೆ ಇಳಿಯುತ್ತದೆ?

ನಾಪೋಕ್ಲು_ಅಮ್ಮ

ಎಲ್ಲರಿಗೂ ನಮಸ್ಕಾರ. ಮಕ್ಕಳ ಉಸಿರಾಟದ ತೊಂದರೆ ಬಗ್ಗೆ ತಿಳಿದವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮಗಳಿಗೆ ಐದು ವರ್ಷ. ಶಾಲೆ ಶುರುವಾಗಿ ಮಳೆ ಹಿಡಿಯಿತು ಅಂದರೆ ನೆಗಡಿ ಬಂತು ಅಂತಲೇ ಲೆಕ್ಕ. ಅದು ಕ್ಲಾಸಿನ ಎಲ್ಲ ಮಕ್ಕಳಿಗೂ ಬರುತ್ತದೆ. ಉಳಿದವರು ನಾಲ್ಕು ದಿನ ಮೂಗು ಸೋರಿಸಿಕೊಂಡು ಮತ್ತೆ ಆಟಕ್ಕೆ ಹೋಗುತ್ತಾರೆ. ಇವಳಿಗೆ ಮಾತ್ರ ಮೂರನೇ ರಾತ್ರಿಗೆ ಎದೆಯಲ್ಲಿ ಗುಯ್ ಗುಯ್ ಶುರು. ನೆಬ್ಯುಲೈಸರ್ ಹಿಡಿದುಕೊಂಡು ಕೂರಬೇಕು.

ಹೋದ ಸಲ ಡಾಕ್ಟರು, ಮನೆಯಲ್ಲಿ ಸೌದೆ ಒಲೆ ಇದೆಯಾ ಅಂತ ಕೇಳಿದರು. ಅಡುಗೆಗೆ ಗ್ಯಾಸ್ ಇದೆ. ಆದರೆ ಬಚ್ಚಲಲ್ಲಿ ಹಂಡೆ ಒಲೆ. ಜೂನ್, ಜುಲೈಯಲ್ಲಿ ಅದು ಆರುವುದೇ ಇಲ್ಲ, ಬಟ್ಟೆ ಒಣಗಬೇಕಲ್ವಾ? ಒಲೆಯ ಮೇಲೆ ಬಿದಿರಿನ ಗಳ ಕಟ್ಟಿದ್ದೇವೆ. ಅವಳ ಯೂನಿಫಾರ್ಮ್, ಸ್ವೆಟರ್, ಟವೆಲ್ ಎಲ್ಲ ಅಲ್ಲೇ ಒಣಗುವುದು. ಬಚ್ಚಲಿಗೂ ಅವಳು ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಅದೂ ಹೆಂಚಿನ ತನಕ ಏರಿಲ್ಲ, ಮೇಲೆ ಖಾಲಿ. ಸೌದೆ ಹಸಿಯಾದ ದಿನ ಹೊಗೆ ಆ ಸಂದಿಯಿಂದ ಇಳಿದು ಕೋಣೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಅವಳ ಹೊದಿಕೆ ಮೂಸಿದರೆ ಹೊಗೆ ವಾಸನೆ.

ಫೋನ್‌ನಲ್ಲಿ ನೋಡಿದರೆ ಮಡಿಕೇರಿ ಗಾಳಿ ಯಾವಾಗಲೂ ಹಸಿರು. ದೇಶದಲ್ಲೇ ಶುದ್ಧ ಗಾಳಿಯ ಊರು ಅಂತ ಪೇಪರ್‌ನಲ್ಲೂ ಬರುತ್ತದೆ. ನೆಗಡಿಗೆ ಕಾರಣ ವೈರಸ್ ಅಂತ ನನಗೆ ಗೊತ್ತು. ಹಾಗಾದರೆ ಹೊಗೆಯ ಪಾತ್ರ ನಿಜವಾಗಿ ಏನು? ಸುಮ್ನೆ ಕೇಳಿದ ಪ್ರಶ್ನೆಯೋ, ಅಥವಾ ಅದರಲ್ಲಿ ಸತ್ಯ ಇದೆಯೋ?

ಎಸ್ಟೇಟ್_ರೈಟರ್ (ಸಿದ್ದಾಪುರ)

ತಂಗಿ, ನಾವೆಲ್ಲ ಹೊಗೆಯಲ್ಲೇ ಬೆಳೆದವರು. ನಮ್ಮ ಅವ್ವನ ಅಡುಗೆಮನೆಯ ಗೋಡೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಹೊಗೆ ಇದ್ದರೆ ಅಟ್ಟದ ಮೆಣಸು ಕೆಡುವುದಿಲ್ಲ, ಮಾಡಿನ ಮರಕ್ಕೆ ಹುಳ ಹಿಡಿಯುವುದಿಲ್ಲ. ಮಕ್ಕಳ ಎದೆ ಕಟ್ಟುವುದು ಥಂಡಿಗೆ, ಗೋಡೆಯ ಬೂಷ್ಟಿಗೆ. ಆರು ತಿಂಗಳು ಬಿಸಿಲು ಕಾಣದ ಗೋಡೆ ನಮ್ಮವು. ಒಲೆ ಆರಿಸಿದರೆ ಮನೆ ಇನ್ನೂ ಥಂಡಿ ಹೊಡೆಯುತ್ತದೆ. ಡಾಕ್ಟರು ಪೇಟೆಯವರಿರಬೇಕು.

ಮಕ್ಕಳ_ಡಾಕ್ಟರ್

ನಾನು ಇದೇ ಜಿಲ್ಲೆಯಲ್ಲಿ ಮಕ್ಕಳನ್ನು ನೋಡುವವನು. ಅಮ್ಮ, ನಿಮ್ಮ ಪ್ರಶ್ನೆ ಸರಿಯಾಗಿದೆ, ಆ ಡಾಕ್ಟರ್ ಕೇಳಿದ್ದೂ ಸರಿಯಾಗಿದೆ. ರೈಟರಣ್ಣ ಹೇಳಿದ ಬೂಷ್ಟಿನ ಮಾತೂ ತಳ್ಳಿಹಾಕುವಂಥದ್ದಲ್ಲ. ಬೂಷ್ಟಿನಿಂದಲೂ ಸೂಕ್ಷ್ಮ ಮಕ್ಕಳಿಗೆ ಉಬ್ಬಸ ಜಾಸ್ತಿಯಾಗುತ್ತದೆ.

ಸೋಂಕು ತರುವುದು ವೈರಸ್. ರೈನೋವೈರಸ್, ಆರ್‌ಎಸ್‌ವಿ, ಇನ್‌ಫ್ಲುಯೆಂಜಾ, ಹೀಗೆ. ಇವು ಮಗುವಿಗೆ ಅಂಟುವುದು ಶಾಲೆಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ. ಹೊಗೆ ವೈರಸ್ಸನ್ನು ಹುಟ್ಟಿಸುವುದಿಲ್ಲ. ಆದರೆ ವೈರಸ್ ಬಂದ ಮೇಲೆ ಅದು ಮೂಗಿನಲ್ಲೇ ನಿಲ್ಲುತ್ತದೋ, ಎದೆಗೆ ಇಳಿಯುತ್ತದೋ, ಇಳಿದರೆ ಎಷ್ಟು ಕಾಡುತ್ತದೋ, ಇದರಲ್ಲಿ ಹೊಗೆಯ ಕೈವಾಡ ದೊಡ್ಡದು.

ಶ್ವಾಸನಾಳದ ಒಳಮೈಯಲ್ಲಿ ಒಂದು ಪದರ ಜೀವಕೋಶಗಳಿವೆ. ಅವುಗಳ ತಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು. ಸೆಕೆಂಡಿಗೆ ಹತ್ತು ಸಲದ ಆಸುಪಾಸಿನಲ್ಲಿ ಬೀಸುತ್ತವೆ. ಮೇಲೆ ತೆಳ್ಳಗೆ ಲೋಳೆ. ಧೂಳು, ವೈರಸ್ ಏನೇ ಬಿದ್ದರೂ ಆ ಲೋಳೆಗೆ ಅಂಟುತ್ತದೆ. ರೋಮಗಳು ಅದನ್ನು ಗಂಟಲ ಕಡೆಗೆ ತಳ್ಳುತ್ತವೆ, ನಮಗೆ ಗೊತ್ತಾಗದೆ ನುಂಗಿಬಿಡುತ್ತೇವೆ. ಹೊಗೆ ಇಲ್ಲಿ ಮೂರು ಕೆಡುಕು ಮಾಡುತ್ತದೆ. ರೋಮಗಳ ಬೀಸು ನಿಧಾನವಾಗುತ್ತದೆ. ಲೋಳೆ ಜಾಸ್ತಿಯಾಗಿ ಗಟ್ಟಿಯಾಗುತ್ತದೆ. ಜೀವಕೋಶಗಳ ನಡುವಿನ ಬಿಗಿ ಹೊಲಿಗೆ ಸಡಿಲವಾಗುತ್ತದೆ. ಗದ್ದೆಯ ಏರಿಯನ್ನು ಏಡಿ ಕೊರೆದು ಟೊಳ್ಳು ಮಾಡಿಟ್ಟಿದ್ದರೆ ದೊಡ್ಡ ಮಳೆಗೆ ಮೊದಲು ಒಡೆಯುವುದು ಆ ಜಾಗವೇ. ಮಳೆ ಎಲ್ಲ ಏರಿಗೂ ಒಂದೇ.

ಊತ ಅನ್ನುವುದನ್ನೂ ಸ್ವಲ್ಪ ಹೇಳಬೇಕು. ವೈರಸ್ ಬಂದಾಗ ನಾಳದ ಗೋಡೆ ಊದಿಕೊಳ್ಳುತ್ತದೆ, ಅದು ದೇಹದ ರಕ್ಷಣೆಯ ಒಂದು ಭಾಗ. ಹೊಗೆಯಲ್ಲಿ ಬೆಳೆಯುವ ಮಗುವಿನ ನಾಳ ವೈರಸ್ ಬರುವ ಮೊದಲೇ ಸ್ವಲ್ಪ ಊದಿರುತ್ತದೆ. ಅದರ ಮೇಲೆ ವೈರಸ್ಸಿನ ಊತ ಸೇರುತ್ತದೆ. ಐದು ವರ್ಷದ ಮಗುವಿನ ಸಣ್ಣ ಶ್ವಾಸನಾಳದ ಅಗಲ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಅಲ್ಲಿ ಗೋಡೆ ಒಂದಿಷ್ಟು ದಪ್ಪವಾದರೂ ಗಾಳಿಗೆ ದಾರಿ ಉಳಿಯುವುದಿಲ್ಲ. ನಿಮಗೆ ಕೇಳುವ ಗುಯ್ ಗುಯ್ ಅದೇ. ದೊಡ್ಡವರಿಗೆ ಅದೇ ಹೊಗೆಯಲ್ಲಿ ಬರೀ ಕೆಮ್ಮು ಬರುತ್ತದೆ, ಯಾಕೆಂದರೆ ನಮ್ಮ ನಾಳ ಅಗಲ.

ಎಸ್ಟೇಟ್_ರೈಟರ್ (ಸಿದ್ದಾಪುರ)

ಡಾಕ್ಟ್ರೇ, ವಿವರಿಸಿದ್ದು ಚೆನ್ನಾಗಿದೆ. ಆದರೆ ಇದಕ್ಕೆ ಪುರಾವೆ ಏನು? ಹೊಗೆ ಕುಡಿದವರಿಗೆ ಫ್ಲೂ ಜಾಸ್ತಿ ಅಂತ ಯಾರಾದರೂ ಎಣಿಸಿ ನೋಡಿದ್ದಾರಾ?

ಜೀವಕೋಶ_ವಿರಾಜಪೇಟೆ

ನೋಡಿದ್ದಾರೆ ಅಣ್ಣ. ನಾನು ವಿರಾಜಪೇಟೆಯವಳು, ಈಗ ಬೆಂಗಳೂರಿನಲ್ಲಿ ಶ್ವಾಸನಾಳದ ಜೀವಕೋಶಗಳ ಮೇಲೆ ಕೆಲಸ ಮಾಡುತ್ತೇನೆ. ಪುರಾವೆ ಬೇರೆ ಬೇರೆ ಕಡೆಯಿಂದ ಬಂದಿದೆ.

ಹಳೆಯದು ಇಸ್ರೇಲ್ ಸೈನ್ಯದ್ದು. ಅಲ್ಲಿನ ಒಂದು ತುಕಡಿಯಲ್ಲಿ ಎಚ್1ಎನ್1 ಫ್ಲೂ ಹರಡಿತು. ಎಲ್ಲರೂ ಹರೆಯದ ಹುಡುಗರು, ಒಂದೇ ಜಾಗ, ಒಂದೇ ಊಟ. ಸಿಗರೇಟು ಸೇದುವವರಲ್ಲಿ ನೂರಕ್ಕೆ 68 ಜನರಿಗೆ ಫ್ಲೂ ಬಂತು, ಸೇದದವರಲ್ಲಿ 47 ಜನರಿಗೆ. ಇದು 1982ರಲ್ಲಿ ಪ್ರಕಟವಾಯಿತು.

ಮಕ್ಕಳ ಬಗ್ಗೆ ಹೇಳುವುದಾದರೆ 2003ರ ಇಂಗ್ಲೆಂಡಿನ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಉಬ್ಬಸ ಇರುವ 8ರಿಂದ 11 ವರ್ಷದ 114 ಮಕ್ಕಳ ಮೈಮೇಲೆ, ಇಂಧನ ಉರಿದಾಗ ಬರುವ ನೈಟ್ರೋಜನ್ ಡೈಆಕ್ಸೈಡ್ ಅನ್ನುವ ಅನಿಲವನ್ನು ಅಳೆಯುವ ಪುಟ್ಟ ಸಾಧನ ಕಟ್ಟಿ, ಒಂದು ವರ್ಷದ ತನಕ ಹಿಂಬಾಲಿಸಿದರು. ನೆಗಡಿ ಬಂದಾಗ ಯಾವ ವೈರಸ್ ಅಂತಲೂ ಪರೀಕ್ಷೆ ಮಾಡಿದರು. ವೈರಸ್ ಹಿಡಿಯುವ ಹಿಂದಿನ ವಾರ ಆ ಅನಿಲ ಜಾಸ್ತಿ ಉಸಿರಾಡಿದ ಮಕ್ಕಳಿಗೆ ಎದೆಯ ತೊಂದರೆ ಜಾಸ್ತಿಯಾಗಿತ್ತು, ಊದುವ ಶಕ್ತಿ ಕಡಿಮೆಯಾಗಿತ್ತು. ಗಮನಿಸಿ, ಹಿಂದಿನ ವಾರ. ಮಗುವಿಗೆ ನೆಗಡಿ ಬಂದ ಮೇಲೆ ಕಿಟಕಿ ತೆಗೆದರೆ ಸಾಲದು ಅನ್ನುವುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದದ್ದು. ಸ್ವಯಂಸೇವಕರಿಗೆ ಎರಡು ಗಂಟೆ ಡೀಸೆಲ್ ಹೊಗೆ ಬೆರೆಸಿದ ಗಾಳಿ ಕೊಟ್ಟರು. ಒಂದು ಘನ ಮೀಟರ್‌ಗೆ 100 ಮೈಕ್ರೋಗ್ರಾಂ ಕಣ, ಅಷ್ಟೇ. ಆಮೇಲೆ ಮೂಗಿಗೆ ಬಲಗುಂದಿಸಿದ ಫ್ಲೂ ವೈರಸ್ ಇರುವ ಲಸಿಕೆ ಹಾಕಿದರು. ಅಲರ್ಜಿ ಇದ್ದವರ ಮೂಗಿನಲ್ಲಿ ವೈರಸ್ ಜಾಸ್ತಿ ಸಿಕ್ಕಿತು, ಅಲರ್ಜಿಯ ಊತ ತರುವ ರಕ್ತದ ಬಿಳಿ ಕಣಗಳ ಚಟುವಟಿಕೆಯೂ ಜಾಸ್ತಿಯಾಯಿತು. ಈ 100 ಮೈಕ್ರೋಗ್ರಾಂ ಅನ್ನುವುದು ನಮ್ಮ ಹಸಿ ಸೌದೆಯ ಒಲೆಯ ಮುಂದೆ ಏನೂ ಅಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಲೆ ಉರಿದರೆ ಹಲವು ನೂರಕ್ಕೆ ಏರುವುದು ಸಾಮಾನ್ಯ.

ನಾಪೋಕ್ಲು_ಅಮ್ಮ

ಅಕ್ಕಾ, ಜೀವಕೋಶದ ಒಳಗೆ ಏನಾಗುತ್ತದೆ ಅಂತ ಇನ್ನೂ ಸ್ವಲ್ಪ ಹೇಳುತ್ತೀರಾ? ಅತ್ತೆಗೆ ಹೇಳಿ ಒಪ್ಪಿಸಬೇಕು. ಬರೀ "ಡಾಕ್ಟರ್ ಹೇಳಿದರು" ಅಂದರೆ ಅವರು ಕೇಳುವುದಿಲ್ಲ.

ಜೀವಕೋಶ_ವಿರಾಜಪೇಟೆ

ಖಂಡಿತ. ಇದೇ ನನ್ನ ಇಷ್ಟದ ವಿಷಯ.

ವೈರಸ್ ಒಂದು ಜೀವಕೋಶಕ್ಕೆ ಹೊಕ್ಕ ತಕ್ಷಣ ಆ ಕೋಶ ಇಂಟರ್‌ಫೆರಾನ್ ಅನ್ನುವ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದು ಅಕ್ಕಪಕ್ಕದ ಕೋಶಗಳಿಗೆ ಎಚ್ಚರಿಕೆ. ಅವು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ, ವೈರಸ್ ಅಲ್ಲೇ ತಡೆದು ನಿಲ್ಲುತ್ತದೆ. ಧೂಮಪಾನಿಗಳ ಮೂಗಿನಿಂದ ತೆಗೆದ ಕೋಶಗಳಿಗೆ ಫ್ಲೂ ವೈರಸ್ ಹಾಕಿದಾಗ ಈ ಇಂಟರ್‌ಫೆರಾನ್ ಕಡಿಮೆ ಬಂತು. ಎಚ್ಚರಿಕೆ ತಡವಾದರೆ ವೈರಸ್ ಆ ಹೊತ್ತಿಗೆ ನೂರು ಕೋಶ ದಾಟಿರುತ್ತದೆ. ಆಮೇಲೆ ದೇಹ ದೊಡ್ಡ ಊತದಿಂದ ಅದನ್ನು ಎದುರಿಸಬೇಕಾಗುತ್ತದೆ.

ಅದೇ ಹೊತ್ತಿಗೆ ಹೊಗೆಯ ಕಣಗಳು ಕೋಶದೊಳಗೆ ಉತ್ಕರ್ಷಣದ ಒತ್ತಡ ಹುಟ್ಟಿಸುತ್ತವೆ, ಅಂದರೆ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಕೋಶವನ್ನು ಕೆಡಿಸುವ ರಾಸಾಯನಿಕ ಕ್ರಿಯೆ. ಕಣದ ಮೈಗೆ ಅಂಟಿದ ಲೋಹ, ಅರ್ಧ ಸುಟ್ಟ ಇಂಗಾಲದ ಸಂಯುಕ್ತಗಳು ಇದಕ್ಕೆ ಕಾರಣ. ಆಗ ಊತದ ಸಂದೇಶ ಕೊಡುವ ವಸ್ತುಗಳು ಸುರಿಯಲು ಶುರುವಾಗುತ್ತವೆ. ಐಎಲ್-6, ಐಎಲ್-8 ಅಂತ ಅವುಗಳ ಹೆಸರು. ಐಎಲ್-8 ರಕ್ತದಿಂದ ಬಿಳಿ ಕಣಗಳನ್ನು ಶ್ವಾಸನಾಳಕ್ಕೆ ಎಳೆಯುತ್ತದೆ. ವೈರಸ್ ಕೂಡ ಇದನ್ನೇ ಸುರಿಸುತ್ತದೆ. ಓಜೋನ್ ಅಥವಾ ನೈಟ್ರೋಜನ್ ಡೈಆಕ್ಸೈಡ್, ಈ ಮಾಲಿನ್ಯದ ಅನಿಲಗಳನ್ನು ತಾಕಿಸಿದ ಕೋಶಗಳಿಗೆ ರೈನೋವೈರಸ್ ಸೇರಿಸಿ ನೋಡಿದ್ದಾರೆ. ಒಂದೊಂದೇ ಕೊಟ್ಟಾಗ ಬಂದದ್ದಕ್ಕಿಂತ ಜಾಸ್ತಿ ಐಎಲ್-8 ಬಂತು. ಇನ್ನೂ ಒಂದು ವಿಷಯ. ಬಹುಪಾಲು ರೈನೋವೈರಸ್‌ಗಳು ಕೋಶದ ಒಳಗೆ ಹೋಗುವುದು ಐಕ್ಯಾಮ್-1 ಅನ್ನುವ ಕೊಂಡಿ ಹಿಡಿದು. ಆ ಅನಿಲಗಳು ಆ ಕೊಂಡಿಗಳನ್ನೇ ಕೋಶದ ಮೇಲೆ ಹೆಚ್ಚಿಸಿದ್ದವು. ಅಂದರೆ ವೈರಸ್ಸಿಗೆ ಹಿಡಿತ ಸಿಗುವ ಜಾಗ ಜಾಸ್ತಿಯಾಯಿತು.

ಕೊನೆಗೆ ಶ್ವಾಸಕೋಶದ ತಳದಲ್ಲಿ ಮ್ಯಾಕ್ರೋಫೇಜ್ ಅನ್ನುವ ಕೋಶಗಳು ಇರುತ್ತವೆ. ಕಸ ನುಂಗುವುದು ಅವುಗಳ ಕೆಲಸ. ಸೂಕ್ಷ್ಮದರ್ಶಕದಲ್ಲಿ ಸೌದೆ ಹೊಗೆಯಲ್ಲಿ ಇರುವವರ ಮ್ಯಾಕ್ರೋಫೇಜ್ ನೋಡಿದರೆ ಒಳಗೆಲ್ಲ ಕಪ್ಪು ಚುಕ್ಕೆ, ಮಸಿ ತುಂಬಿಕೊಂಡಿರುತ್ತದೆ. ಹೊಟ್ಟೆ ತುಂಬಿದ ಕೋಶ ಬ್ಯಾಕ್ಟೀರಿಯಾ ನುಂಗುವುದರಲ್ಲಿ ಹಿಂದೆ ಬೀಳುತ್ತದೆ. ವೈರಸ್ ಜ್ವರದ ಬೆನ್ನಿಗೆ ನ್ಯುಮೋನಿಯಾ ಬರುವುದಕ್ಕೆ ಇದೂ ಒಂದು ದಾರಿ. ಆ ಮಸಿಯನ್ನು ನಿಮ್ಮ ಅತ್ತೆಯವರಿಗೆ ತೋರಿಸಲು ಸಾಧ್ಯವಿದ್ದಿದ್ದರೆ ಬೇರೆ ಮಾತೇ ಬೇಕಿರಲಿಲ್ಲ.

ನಿವೃತ್ತ_ಮೇಷ್ಟ್ರು (ಸೋಮವಾರಪೇಟೆ)

ತಾಯಿ, ಚೆನ್ನಾಗಿ ತಿಳಿಸಿದಿರಿ. ಆದರೆ ಇನ್ನೊಂದು ಮಗ್ಗುಲನ್ನೂ ಇಲ್ಲಿ ಇಡಬೇಕು. ನಾಲ್ಕು ದೇಶಗಳಲ್ಲಿ ಬಡವರ ಮನೆಗಳಿಗೆ ಗ್ಯಾಸ್ ಒಲೆ ಕೊಟ್ಟು ನೋಡಿದರಂತೆ. ನಮ್ಮ ಪಕ್ಕದ ತಮಿಳುನಾಡೂ ಅದರಲ್ಲಿತ್ತು. ಹಸುಗೂಸುಗಳ ನ್ಯುಮೋನಿಯಾ ಕಡಿಮೆ ಆಗಲಿಲ್ಲ ಅಂತ ಓದಿದ್ದೇನೆ. ಹೊಗೆ ಅಷ್ಟು ಕೆಟ್ಟದ್ದಾದರೆ ಹೊಗೆ ಹೋದಾಗ ರೋಗ ಇಳಿಯಬೇಕಿತ್ತಲ್ಲ?

ಜೀವಕೋಶ_ವಿರಾಜಪೇಟೆ

ಮೇಷ್ಟ್ರೇ, ಇದು ಕೇಳಲೇಬೇಕಾದ ಪ್ರಶ್ನೆ. ನೀವು ಹೇಳುತ್ತಿರುವುದು ಹಾಪಿನ್ ಪ್ರಯೋಗ. ಗ್ವಾಟೆಮಾಲಾ, ಪೆರು, ರುವಾಂಡಾ ಮತ್ತು ತಮಿಳುನಾಡಿನ ಸುಮಾರು 3,200 ಮನೆಗಳು. ಗ್ಯಾಸ್ ಕೊಟ್ಟ ಮನೆಗಳಲ್ಲಿ ಕಣದ ಮಟ್ಟ ಬಹಳ ಇಳಿಯಿತು. ಆದರೆ ಒಂದು ವರ್ಷದ ಒಳಗಿನ ಕೂಸುಗಳ ತೀವ್ರ ನ್ಯುಮೋನಿಯಾದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 2024ರಲ್ಲಿ. ಅದಕ್ಕೂ ಮೊದಲು ಗ್ವಾಟೆಮಾಲಾದಲ್ಲೇ ಚಿಮಣಿ ಒಲೆ ಕಟ್ಟಿಕೊಟ್ಟ ಇನ್ನೊಂದು ಪ್ರಯೋಗ 2011ರಲ್ಲಿ ಪ್ರಕಟವಾಗಿತ್ತು. ಅಲ್ಲಿ ಒಟ್ಟು ನ್ಯುಮೋನಿಯಾ ಲೆಕ್ಕದಲ್ಲಿ ಖಚಿತವಾದ ಇಳಿಕೆ ಸಿಗಲಿಲ್ಲ, ಆದರೆ ತೀವ್ರ ನ್ಯುಮೋನಿಯಾ ಮೂರನೇ ಒಂದು ಪಾಲು ಕಡಿಮೆಯಾಗಿತ್ತು.

ನನ್ನ ಅಭಿಪ್ರಾಯ ಹೇಳುತ್ತೇನೆ. ಗ್ಯಾಸ್ ಬಂದರೆ ನ್ಯುಮೋನಿಯಾ ಓಡಿಹೋಗುತ್ತದೆ ಅಂತ ಪ್ರಚಾರ ಮಾಡುವುದು ತಪ್ಪು. ಕೂಸಿನ ನ್ಯುಮೋನಿಯಾಗೆ ಅಪೌಷ್ಟಿಕತೆ, ಲಸಿಕೆ, ಇಕ್ಕಟ್ಟಿನ ಮನೆ, ಹುಟ್ಟುವಾಗಿನ ತೂಕ ಎಲ್ಲ ಸೇರುತ್ತವೆ. ಒಂದನ್ನು ಮಾತ್ರ ತೆಗೆದರೆ ಉಳಿದವು ಅಲ್ಲೇ ಇರುತ್ತವೆ. ಆದರೆ ಈ ಅಮ್ಮ ಕೇಳುತ್ತಿರುವುದು ಬೇರೆ. ಅವರ ಮಗಳಿಗೆ ಈಗಾಗಲೇ ಉಬ್ಬಸದ ಸ್ವಭಾವ ಇದೆ, ಪ್ರತಿ ವೈರಸ್‌ಗೂ ನಾಳ ಕಟ್ಟುತ್ತದೆ. ಇಂಥ ಮಕ್ಕಳಲ್ಲಿ ಹೊಗೆ ಮತ್ತು ವೈರಸ್ ಜೊತೆ ಸೇರಿದರೆ ಕೆಡುಕು ಹೆಚ್ಚು ಅನ್ನುವುದಕ್ಕೆ ಆಧಾರ ಗಟ್ಟಿ ಇದೆ.

ನಿವೃತ್ತ_ಮೇಷ್ಟ್ರು (ಸೋಮವಾರಪೇಟೆ)

ಒಪ್ಪಿದೆ. ಹಾಗಾದರೆ ಇತಿಹಾಸದಿಂದ ಒಂದು ಮಾತು ನಾನೂ ಸೇರಿಸುತ್ತೇನೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ ಕದಲದೆ ನಿಂತಿತು. ಸುಮಾರು 4,000 ಜನ ಸತ್ತರು ಅಂತ ಆಗ ಲೆಕ್ಕ ಹಾಕಿದರು. ಮುಂದಿನ ಎರಡು ಮೂರು ತಿಂಗಳೂ ಸಾವು ಮಾಮೂಲಿಗಿಂತ ಮೇಲೆಯೇ ಇತ್ತು. ಅದನ್ನು ಸರ್ಕಾರದವರು ಫ್ಲೂ ತಲೆಗೆ ಕಟ್ಟಿದರು. 2001ರಲ್ಲಿ ಬೆಲ್ ಮತ್ತು ಡೇವಿಸ್ ಅನ್ನುವ ಸಂಶೋಧಕರು ಆ ಲೆಕ್ಕ ಮತ್ತೆ ತೆಗೆದು ನೋಡಿ, ಫ್ಲೂ ಒಂದರಿಂದಲೇ ಅಷ್ಟು ಸಾವು ಆಗಲು ಸಾಧ್ಯವಿಲ್ಲ, ಒಟ್ಟು ಸಾವು 12,000ದಷ್ಟು ಇರಬೇಕು ಅಂದರು. ಹೊಗೆಯೋ ವೈರಸ್ಸೋ ಅಂತ ಒಂದನ್ನೇ ಆರಿಸಲು ಹೊರಟರೆ ಹೊಗೆ ಯಾವಾಗಲೂ ತಪ್ಪಿಸಿಕೊಳ್ಳುತ್ತದೆ ಅನ್ನುವುದು ನನಗೆ ಅಲ್ಲಿ ಕಂಡದ್ದು.

ಮಾಪನ_ಮಡಿಕೇರಿ

ಫೋನ್‌ನಲ್ಲಿ ಹಸಿರು ಕಾಣುವ ಬಗ್ಗೆ ಯಾರೂ ಹೇಳಲಿಲ್ಲ. ಆ ಸಂಖ್ಯೆ ಬರುವುದು ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರದಿಂದ. ಗುಡ್ಡದ ಮೇಲೆ, ಬಯಲಿನಲ್ಲಿ. ಅದು ಅಳೆಯುವುದು ಅಲ್ಲಿನ ಗಾಳಿಯನ್ನು. ನಾಪೋಕ್ಲಿನ ಬಚ್ಚಲಿನ ಗಾಳಿ ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೂ ಒಂದು. ನಮ್ಮ ದೇಶದ ಸೂಚ್ಯಂಕದಲ್ಲಿ 50ರ ಒಳಗೆ ಇದ್ದರೆ ಹಸಿರು. ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣ. ಅದು ಒಂದು ಘನ ಮೀಟರ್‌ಗೆ 30 ಮೈಕ್ರೋಗ್ರಾಂ ಇದ್ದರೆ ಸೂಚ್ಯಂಕ 50 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ದಿನಕ್ಕೆ ಹೇಳಿದ ಮಿತಿ 15. ನಮ್ಮ ದೇಶದ ಮಿತಿ 60. ಹಾಗಾಗಿ ಹಸಿರು ಅಂದ ಮಾತ್ರಕ್ಕೆ ಉಬ್ಬಸದ ಮಗುವಿಗೆ ಏನೂ ಆಗುವುದಿಲ್ಲ ಅಂತ ಅಲ್ಲ. ಮಳೆಗಾಲದಲ್ಲಿ ಹೊರಗಿನ ಗಾಳಿ ನಿಜಕ್ಕೂ ತೊಳೆದಂತಿರುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಅದೇ ಮಳೆಗೆ ನಾವು ಬಾಗಿಲು, ಕಿಟಕಿ ಮುಚ್ಚಿ ಒಲೆಯ ಹತ್ತಿರ ಕೂರುತ್ತೇವೆ. ಫ್ಲೂ ಹರಡುವುದೂ ಆಗಲೇ.

ವರ್ಕ್ಸ್_ಕುಶಾಲನಗರ

ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುವವನು. ಕಾಫಿಯ ಸಿಪ್ಪೆ ತೆಗೆಯುವ ಹಲ್ಲಿಂಗ್ ಮೆಷಿನ್ ಓಡುವಾಗ ಬಿಸಿಲಿನ ಕೋಲಿನಲ್ಲಿ ಸಿಪ್ಪೆಯ ಧೂಳು ಹಾರುವುದು ಕಾಣುತ್ತದೆ. ಮೂಟೆ ಜಾಡಿಸುವ ಹೆಂಗಸರು ಸೆರಗು ಮೂಗಿಗೆ ಸುತ್ತಿಕೊಳ್ಳುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಒಬ್ಬರಿಗೆ ನೆಗಡಿ ಬಂದರೆ ವಾರದಲ್ಲಿ ಎಲ್ಲರಿಗೂ. ಮನೆಯಲ್ಲಿರುವವರಿಗೆ ಬೇಗ ವಾಸಿಯಾಗುತ್ತದೆ, ನಮಗೆ ಕೆಮ್ಮು ಯುಗಾದಿ ತನಕ ಹೋಗುವುದಿಲ್ಲ. ಇದೂ ಅದೇನಾ?

ಮಕ್ಕಳ_ಡಾಕ್ಟರ್

ಅದರ ತಮ್ಮ. ಹಸಿ ಕಾಫಿ ಬೀಜದ ಧೂಳು ಕೆಲವರಿಗೆ ಉಬ್ಬಸ ತರುತ್ತದೆ, ಇದು ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಅದರ ಮೇಲೆ ವೈರಸ್ ಬಂದರೆ ಕೆಮ್ಮು ಎಳೆಯುತ್ತದೆ. ಸೆರಗು, ಟವೆಲ್ ದಪ್ಪ ಧೂಳು ತಡೆಯುತ್ತವೆ, ಸಣ್ಣ ಕಣ ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ. ಅನಿಲಗಳನ್ನು ಅದೂ ತಡೆಯುವುದಿಲ್ಲ. ಎರಡು ವಾರ ದಾಟಿದ ಕೆಮ್ಮು ಇರುವವರು ಎದೆಯ ಡಾಕ್ಟರಿಗೆ ತೋರಿಸಲಿ, ಕಫ ಪರೀಕ್ಷೆಯೂ ಆಗಲಿ. ಕ್ಷಯ ಇದ್ದರೂ ಹಾಗೇ ಶುರುವಾಗುತ್ತದೆ.

ಆಶಾ_ಪೊನ್ನಂಪೇಟೆ

ನಾನು ಆಶಾ ಕಾರ್ಯಕರ್ತೆ. ಲೈನ್ ಮನೆಗಳಿಗೆ, ಅಂದರೆ ತೋಟದ ಆಳುಗಳ ಸಾಲುಮನೆಗಳಿಗೆ ಹೋಗುತ್ತೇನೆ. ಇಲ್ಲಿ ಎಲ್ಲರೂ ಬಚ್ಚಲ ಒಲೆ ಅನ್ನುತ್ತಿದ್ದೀರಿ. ಲೈನ್ ಮನೆಯಲ್ಲಿ ಬಚ್ಚಲೇ ಬೇರೆ ಇರುವುದಿಲ್ಲ. ಒಂದೇ ಕೋಣೆ, ಮುಂದೆ ಒಂದು ಜಗಲಿ. ಮೂಲೆಯಲ್ಲಿ ಮೂರು ಕಲ್ಲು. ಅಲ್ಲೇ ಅನ್ನ, ಅಲ್ಲೇ ಕೂಸು ಮಲಗುವುದು. ಕಾಫಿ ಕೊಯ್ಲಿಗೆ ಬೇರೆ ಕಡೆಯಿಂದ ಬಂದವರ ಹತ್ತಿರ ಗ್ಯಾಸ್ ಕನೆಕ್ಷನ್ ಇರುವುದಿಲ್ಲ. ಉಜ್ವಲ ಯೋಜನೆ 2016ರಲ್ಲೇ ಬಂದಿದೆ, ಕೆಲವರಿಗೆ ಊರಲ್ಲಿ ಸಿಲಿಂಡರ್ ಇದೆ, ಇಲ್ಲಿ ಇಲ್ಲ. ಸೌದೆ ತೋಟದ್ದು, ಕೈಗೆ ಸಿಗುತ್ತದೆ.

ಚಳಿಗೆ ಕೆಂಡದ ಬಾಣಲೆ ಒಳಗಿಟ್ಟು ಬಾಗಿಲು ಹಾಕಿ ಮಲಗುವುದನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ. ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಾಸನೆಯೂ ಇಲ್ಲ. ಮಲಗಿದವರು ಮೇಲೆ ಏಳದೇ ಹೋಗಬಹುದು. ದಯವಿಟ್ಟು ತೋಟದ ಮಾಲೀಕರು, ತೋಟದ ಲೆಕ್ಕ ಬರೆಯುವ ರೈಟರ್‌ಗಳು ಯಾರಾದರೂ ಓದುತ್ತಿದ್ದರೆ ಇದನ್ನು ಲೈನ್‌ನಲ್ಲಿ ಹೇಳಿ.

ಮಗುವಿನ ಉಸಿರು ಎಣಿಸುವುದನ್ನು ನಾವು ತಾಯಂದಿರಿಗೆ ಕಲಿಸುತ್ತೇವೆ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಹೊಟ್ಟೆ ಏರುವುದನ್ನು ಎಣಿಸಬೇಕು. ಎರಡು ತಿಂಗಳ ಒಳಗಿನ ಕೂಸಿಗೆ 60 ಅಥವಾ ಮೇಲೆ, ಒಂದು ವರ್ಷದ ತನಕ 50 ಅಥವಾ ಮೇಲೆ, ಐದು ವರ್ಷದ ತನಕ 40 ಅಥವಾ ಮೇಲೆ ಇದ್ದರೆ ಅದು ಜೋರು ಉಸಿರು. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ಮಂಪರು ಇದ್ದರೆ ಎಣಿಸುತ್ತಾ ಕೂರಬೇಡಿ, ಗಾಡಿ ಹತ್ತಿಸಿ. ನಮ್ಮಲ್ಲಿ ಮಳೆಗೆ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಬೆಳಗಾಗಲಿ ಅಂತ ಕಾಯುವುದು ಅಪಾಯ.

ಎಸ್ಟೇಟ್_ರೈಟರ್ (ಸಿದ್ದಾಪುರ)

ಅಕ್ಕ, ಕೆಂಡದ ವಿಷಯ ನಾಳೆ ಮಸ್ಟರ್ (ಆಳುಗಳ ಹಾಜರಿ) ಹೊತ್ತಿಗೆ ನಮ್ಮ ಲೈನ್‌ನಲ್ಲಿ ಹೇಳುತ್ತೇನೆ. ಒಲೆಯ ಬಗ್ಗೆ ಏನು ಮಾಡಬಹುದು ಹೇಳಿ. ಆಗದ ಮಾತು ಬೇಡ. ಕರೆಂಟ್ ಗೀಸರ್ ಅನ್ನಬೇಡಿ, ಜುಲೈಯಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಸೋಲಾರ್ ಕೂಡ ಮಳೆಗಾಲದಲ್ಲಿ ತಣ್ಣೀರೇ ಕೊಡುವುದು.

ಒಲೆ_ಕೆಲಸ_ಗೋಣಿಕೊಪ್ಪ

ಗಾರೆ ಕೆಲಸದವನು ನಾನು, ಒಲೆ ಕಟ್ಟುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅಂತ ಹಳ್ಳಿಗಳಿಗಾಗಿ ಒಂದು ವಿಭಾಗ ಶುರುವಾಯಿತು. ಅಲ್ಲಿಂದ ಬಂದ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿ ಸೇರಿತು. ಅದರ ಗುಟ್ಟು ಎರಡು. ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಅದರಿಂದ ಉರಿಗೆ ಗಾಳಿ ಕೆಳಗಿಂದ ಬರುತ್ತದೆ. ಹೊಗೆಗೆ ಚಿಮಣಿ. ಹಂಡೆ ಒಲೆಗೂ ಇದನ್ನೇ ಮಾಡಬಹುದು. ಹಂಡೆಯ ಸುತ್ತ ಸಂದಿ ಬಿಡದೆ ಮಣ್ಣಿನಿಂದ ಮೆತ್ತಬೇಕು. ಚಿಮಣಿ ಪೈಪು ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲೆ ಹೋಗಬೇಕು. ಸೂರಿನ ಕೆಳಗೇ ನಿಲ್ಲಿಸಿದರೆ ನಮ್ಮ ಗಾಳಿಮಳೆಗೆ ಹೊಗೆ ವಾಪಸ್ ಒಳಗೇ ನುಗ್ಗುತ್ತದೆ. ತುದಿಗೆ ಟೋಪಿ ಬೇಕು, ಇಲ್ಲದಿದ್ದರೆ ನೀರು ಇಳಿಯುತ್ತದೆ. ಮಳೆಗಾಲಕ್ಕೆ ಮೊದಲು ಒಂದು ಸಲ, ನಡುವೆ ಒಂದು ಸಲ ಮಸಿ ಕೆಡವಬೇಕು. ಚಿಮಣಿ ಕಟ್ಟಿಸಿಕೊಂಡು ಮಸಿ ತೆಗೆಯದವರ ಮನೆಯಲ್ಲಿ ಮೊದಲಿಗಿಂತ ಜಾಸ್ತಿ ಹೊಗೆ ನೋಡಿದ್ದೇನೆ.

ಸೌದೆಯೂ ಮುಖ್ಯ. ಜುಲೈಯ ಸೌದೆಯನ್ನು ಫೆಬ್ರವರಿಯಲ್ಲೇ ಸೀಳಿ ಕೊಟ್ಟಿಗೆಯಲ್ಲಿ ಒಟ್ಟಬೇಕು. ಕಾಫಿ ಗಿಡದ ಬೊಡ್ಡೆ ಒಣಗಿದ್ದರೆ ಚೆನ್ನಾಗಿ ಉರಿಯುತ್ತದೆ. ಹಸಿ ಸಿಲ್ವರ್ ಓಕ್ ಹಾಕಿದರೆ ಮನೆ ತುಂಬ ಹೊಗೆ. ಪ್ಲಾಸ್ಟಿಕ್ ಹಾಕಿ ಹತ್ತಿಸುವುದನ್ನಂತೂ ಬಿಟ್ಟುಬಿಡಿ.

ಹೋಂಸ್ಟೇ_ಕಕ್ಕಬ್ಬೆ

ನಮ್ಮಲ್ಲಿ ಅತಿಥಿಗಳು ಕ್ಯಾಂಪ್‌ಫೈರ್ ಕೇಳುತ್ತಾರೆ. ಮಗುವಿಗೆ ಕೆಮ್ಮು ಇದೆ ಅಂತ ಗೊತ್ತಾದರೆ ನಾವು ಹಾಕುವುದಿಲ್ಲ, ಅವರು ಬೇಸರ ಮಾಡಿಕೊಂಡರೂ ಸರಿ. ಸೊಳ್ಳೆ ಬತ್ತಿಯ ಬಗ್ಗೆಯೂ ಯಾರಾದರೂ ಹೇಳಿ, ಪ್ರತಿ ಕೋಣೆಯಲ್ಲೂ ಇಡುತ್ತಾರಲ್ವಾ.

ಜೀವಕೋಶ_ವಿರಾಜಪೇಟೆ

ಸೊಳ್ಳೆ ಬತ್ತಿಯನ್ನು ಅಳೆದು ನೋಡಿದ ಅಧ್ಯಯನವೊಂದರಲ್ಲಿ, ಒಂದು ಬತ್ತಿ ಪೂರ್ತಿ ಉರಿದಾಗ ಬಂದ ಸಣ್ಣ ಕಣ 75ರಿಂದ 137 ಸಿಗರೇಟಿಗೆ ಸಮ ಅಂತ ಸಿಕ್ಕಿತು. ಮುಚ್ಚಿದ ಕೋಣೆಯಲ್ಲಿ ಮಗುವಿನ ತಲೆದೆಸೆಗೆ ಇಡುವ ವಸ್ತು ಅದಲ್ಲ. ಸೊಳ್ಳೆ ಪರದೆ ಕಟ್ಟಿ. ಧೂಪ, ಸಾಂಬ್ರಾಣಿಯನ್ನೂ ನೆಗಡಿ ಇರುವ ಮಗುವಿನ ಕೋಣೆಯಲ್ಲಿ ಬೇಡ. ಕೂಸಿಗೆ ಸ್ನಾನ ಆದ ಮೇಲೆ ಹೊಗೆ ಹಾಕುವ ರೂಢಿ ಇದೆ, ಅದನ್ನೂ ಬಿಡಿ. ಇನ್ನು ಗ್ಯಾಸ್ ಒಲೆಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಕಣ ಮಾತ್ರ ಬಹಳ ಕಡಿಮೆ. ಗ್ಯಾಸ್ ಉರಿಯುವಾಗಲೂ ಒಂದು ಕಿಟಕಿ ತೆರೆದಿರಲಿ.

ನಾಪೋಕ್ಲು_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಓದಿಸಿಕೊಂಡರು. ಐಎಲ್-8 ಅವರಿಗೆ ಬೇಕಾಗಲಿಲ್ಲ, ಮ್ಯಾಕ್ರೋಫೇಜ್‌ನ ಮಸಿ ಮಾತ್ರ ಸರಿಯಾಗಿ ನಾಟಿತು. ಚಿಮಣಿಗೆ ಒಪ್ಪಿದ್ದಾರೆ. ಆದರೆ ಈ ಮಳೆಗಾಲ ಆಗಲೇ ಶುರುವಾಗಿದೆ, ಮಾಡು ಬಿಚ್ಚಲು ಆಗುವುದಿಲ್ಲ. ಅಲ್ಲಿ ತನಕ ಏನು ಮಾಡಲಿ? ಮಗಳಿಗೆ ನೀಲಗಿರಿ ಹಾಕಿ ಆವಿ ಕೊಡಬಹುದಾ?

ಮಕ್ಕಳ_ಡಾಕ್ಟರ್

ಆವಿ ಬೇಡ. ಬಿಸಿನೀರು ಮೈಮೇಲೆ ಚೆಲ್ಲಿ ಸುಟ್ಟುಕೊಂಡ ಮಕ್ಕಳನ್ನು ಪ್ರತಿ ಮಳೆಗಾಲ ನೋಡುತ್ತೇವೆ. ಉಬ್ಬಸ ಅದರಿಂದ ಇಳಿಯುವುದೂ ಇಲ್ಲ. ಆಂಟಿಬಯಾಟಿಕ್ ಕೂಡ ನೀವೇ ಅಂಗಡಿಯಿಂದ ತಂದು ಕೊಡಬೇಡಿ, ಅದು ವೈರಸ್ಸಿಗೆ ಕೆಲಸ ಮಾಡುವುದಿಲ್ಲ.

ಮೊದಲು ಅವಳ ಹಾಸಿಗೆಯನ್ನು ಬಚ್ಚಲಿಂದ ದೂರದ ಕೋಣೆಗೆ ಹಾಕಿ. ನೆಗಡಿ ಬರುವ ತನಕ ಕಾಯದೆ ಇವತ್ತೇ ಹಾಕಿ, ಹಿಂದಿನ ವಾರದ ಲೆಕ್ಕ ಮೇಲೆ ಓದಿದಿರಲ್ಲ. ಗೋಡೆಯ ಮೇಲಿನ ಖಾಲಿ ಜಾಗಕ್ಕೆ ಸದ್ಯಕ್ಕೆ ದಪ್ಪ ಟಾರ್ಪಲ್ ಬಿಗಿದು ಕಟ್ಟಿ, ಒಲೆಯ ಉರಿ ತಾಕದಷ್ಟು ದೂರದಲ್ಲಿ. ಬಚ್ಚಲ ಹೊರಬಾಗಿಲು ಒಲೆ ಉರಿಯುವಷ್ಟು ಹೊತ್ತೂ ತೆರೆದಿರಲಿ, ಒಳಬಾಗಿಲು ಮುಚ್ಚಿರಲಿ. ಅವಳ ಸ್ನಾನಕ್ಕೆ ನೀರನ್ನು ಗ್ಯಾಸ್ ಮೇಲೆ ಕಾಯಿಸಿ. ಬಟ್ಟೆ ಒಣಗಿಸಲು ಒಲೆ ಬೇಕೇ ಬೇಕು ಅಂದರೆ ಅವಳು ಶಾಲೆಗೆ ಹೋದ ಮೇಲೆ ಹತ್ತಿಸಿ, ಮೂರು ಗಂಟೆಗೆ ಆರಿಸಿ, ಬಾಗಿಲು ತೆಗೆದು ಗಾಳಿ ಆಡಲು ಬಿಡಿ.

ಉಬ್ಬಸ ಪದೇ ಪದೇ ಬರುವ ಮಗುವಿಗೆ ದಿನವೂ ತೆಗೆದುಕೊಳ್ಳುವ ತಡೆಗಟ್ಟುವ ಇನ್‌ಹೇಲರ್ ಬೇಕಾಗಬಹುದು. ಅದರ ಭಯ ನಮ್ಮ ಜನಕ್ಕೆ ಬಹಳ ಇದೆ, ಚಟ ಆಗುತ್ತದೆ ಅಂತಾರೆ. ಆಗುವುದಿಲ್ಲ. ಅದು ಮಾಡುವ ಕೆಲಸವೇ ನಾಳದ ಆ ಊತವನ್ನು ಇಳಿಸಿಡುವುದು. ಸ್ಪೇಸರ್ ಅನ್ನುವ ಕೊಳವೆ ಹಾಕಿ ಕೊಟ್ಟರೆ ಐದು ವರ್ಷದವಳು ಚೆನ್ನಾಗಿ ತೆಗೆದುಕೊಳ್ಳುತ್ತಾಳೆ. ಫ್ಲೂ ಲಸಿಕೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಾಕಿಸಬಹುದು, ಇವಳಿಗೆ ನಾನಾಗಿದ್ದರೆ ಹಾಕಿಸುತ್ತಿದ್ದೆ. ಮನೆಯಲ್ಲಿ ಇನ್ನೊಂದು ಕೂಸು ಇದ್ದರೆ ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ನಿಮ್ಮ ಡಾಕ್ಟರ ಹತ್ತಿರ ಹೋಗುವಾಗ ಈ ಒಲೆಯ ವಿವರ ಎಲ್ಲ ಅವರಿಗೂ ಹೇಳಿ.

ಎಸ್ಟೇಟ್_ರೈಟರ್ (ಸಿದ್ದಾಪುರ)

ಗೋಣಿಕೊಪ್ಪದ ಅಣ್ಣಾ, ಲೈನ್‌ನ ಮನೆಗಳಿಗೆ ಚಿಮಣಿ ಹಾಕಬೇಕು. ಧಣಿಗಳ ಹತ್ತಿರ ಮಾತಾಡುತ್ತೇನೆ. ಒಂದೇ ಮಾಡಿನ ಕೆಳಗೆ ಆರು ಮನೆ, ನಡುಗೋಡೆ ಅರ್ಧ. ಎರಡು ಮನೆಗೆ ಸೇರಿಸಿ ಒಂದು ಚಿಮಣಿ ಸಾಕಾಗುತ್ತದಾ?

ಒಲೆ_ಕೆಲಸ_ಗೋಣಿಕೊಪ್ಪ

ಬೇಡ ಅಣ್ಣ. ಒಂದು ಒಲೆ ಆರಿದ್ದಾಗ ಪಕ್ಕದವರ ಹೊಗೆ ಅದರ ಬಾಯಿಂದ ಹೊರಗೆ ಬರುತ್ತದೆ. ಒಲೆಗೊಂದು ಪೈಪು ಇರಲಿ, ನಡುಗೋಡೆಯನ್ನು ಮಾಡಿನ ತನಕ ಏರಿಸಿ. ಮಳೆ ನಿಂತು ಹುತ್ತರಿ ಮುಗಿದ ಮೇಲೆ ಬಂದು ಅಳತೆ ತೆಗೆದುಕೊಳ್ಳುತ್ತೇನೆ. ಕೊಯ್ಲಿನ ಆಳುಗಳು ಬಂದು ಇಳಿಯುವ ಮೊದಲೇ ಕೆಲಸ ಆಗಬೇಕು ಅಂತಿದ್ದರೆ ಅಕ್ಟೋಬರ್ ಕೊನೆಗೇ ಹೇಳಿ ಕಳಿಸಿ.